ಬೋಟಿಗೆ ಹೊರಟ ಮೊರಬದ ಹುಡುಗರಿಗೆ ಒಂದು ಬಹಿರಂಗ ಪತ್ರ

ಮೊರಬ
ಜುಲೈ ತಿಂಗಳ ಮೂರನೇ ವಾರ

ತಮ್ಮಂದಿರೇ,

ಮೊನ್ನೆ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ನೀವು ಏಳೆಂಟು ಮಂದಿ ಕೂತಿದ್ದಿರಿ. ಪಂಚಮಿ ಮುಗಿಸಿಕೊಂಡು ಮಲ್ಪೆಗೆ ಹೋಗುವುದು, ಮೀನು ಹಿಡಿಯುವ ಬೋಟು ಹತ್ತುವುದು, ಬಂದ ರೊಕ್ಕದಲ್ಲಿ ಯಾವ ಗಾಡಿ ತಗೊಳ್ಳುವುದು ಎಂಬ ಮಾತು ನಡೆದಿತ್ತು. ನಾನು ನಿಮ್ಮ ಹಿಂದಿನ ಬೆಂಚಿನ ಮೇಲೆ ಕೂತು ಕೇಳುತ್ತಿದ್ದೆ. ಆಗ ನಿಮ್ಮಲ್ಲೊಬ್ಬ, ಹೋದ ವರ್ಷ ಒಂದೇ ಟ್ರಿಪ್ಪಿಗೆ ವಾಪಸ್ ಬಂದ ಹುಡುಗನ ಹೆಸರು ತೆಗೆದು, ‘ಅಂವಾ ಕಾರ್ಕೊಂಡು ಕಾರ್ಕೊಂಡು ಓಡಿ ಬಂದಾನ್ರಲೇ, ಪುಕ್ಕಲ’ ಅಂದ. ಎಲ್ಲರೂ ನಕ್ಕಿರಿ. ಆ ಹುಡುಗ ರಸ್ತೆಯಾಚೆ ಗೊಬ್ಬರದ ಅಂಗಡಿಯ ಮುಂದೆ ನಿಂತಿದ್ದ. ನೀವು ನೋಡಲಿಲ್ಲ, ನಾನು ನೋಡಿದೆ. ಅವನಿಗೆ ಕೇಳಿಸಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಒಬ್ಬೊಬ್ಬರನ್ನೇ ಕರೆದು ಹೇಳಬಹುದಿತ್ತು. ನೀವು ನಕ್ಕದ್ದು ನಾಲ್ಕು ಜನರ ಮುಂದೆ, ಅದಕ್ಕೆ ಉತ್ತರವೂ ನಾಲ್ಕು ಜನರ ಮುಂದೆಯೇ ಆಗಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ನಾನೂ ಬೋಟು ಕಂಡವನು. 2016ರಲ್ಲಿ ಹೋಗಿ ಎರಡು ಸೀಸನ್ ದುಡಿದು ಬಂದೆ. ನೀವು ಆಗ ಶಾಲೆಯಲ್ಲಿದ್ದಿರಿ. ಹಿಂದಿನ ವರ್ಷ ಮಳೆ ಕೈಕೊಟ್ಟು ಸೊಸೈಟಿಯ ಸಾಲ ಮೈಮೇಲಿತ್ತು. ಆ ಜುಲೈ ಕೊನೆಗೆ ಮಹಾದಾಯಿ ಜಲವಿವಾದ ನ್ಯಾಯಮಂಡಳಿ, ನಾವು ಕೇಳಿದ 7.56 ಟಿಎಂಸಿ ನೀರು ಈಗ ಕೊಡಲಾಗದು ಎಂದು ಹೇಳಿತು. ನವಲಗುಂದ ತಾಲೂಕೆಲ್ಲ ರಸ್ತೆಗಿಳಿಯಿತು. ಅದಾಗಿ ಹದಿನೈದು ದಿನ ಆಗಿರಲಿಲ್ಲ, ನಾನು ನಾಲ್ಕೂ ದಿಕ್ಕಿಗೆ ನೀರು ಬಿಟ್ಟರೆ ಬೇರೇನೂ ಇಲ್ಲದ ಜಾಗದಲ್ಲಿ ನಿಂತು, ಹೊಟ್ಟೆಯೊಳಗಿದ್ದ ನೀರನ್ನೂ ಅದಕ್ಕೇ ಕೊಡುತ್ತಿದ್ದೆ. ನಮ್ಮ ತಾಲೂಕಿನ ಹಣೆಬರಹವೇ ಹಾಗೆ. ನೀರು ಕಡಿಮೆಯಾದರೂ ಸಂಕಟ, ಹೆಚ್ಚಾದರೂ ಸಂಕಟ.

ನಮ್ಮ ಎರಿನಾಡಿನಲ್ಲಿ ಕಡಲೆ ಉಂಟು, ಕಡಲಿಲ್ಲ. ಹಾಗಾಗಿ ಬೋಟಿನಲ್ಲಿ ಬರುವ ಈ ಜಡ್ಡಿಗೆ ನಮ್ಮ ಮಾತಿನಲ್ಲಿ ಒಂದು ಹೆಸರೂ ಇಲ್ಲ, ನಾನಿಲ್ಲಿ ಕಡಲಬೇನೆ ಅನ್ನುತ್ತೇನೆ. ಹೆಸರಿಲ್ಲದ ಬೇನೆಯನ್ನು ಜನ ಹೆದರಿಕೆ ಅನ್ನುತ್ತಾರೆ, ನೆವ ಅನ್ನುತ್ತಾರೆ. ಇಂಗ್ಲಿಷಿನವರು ಓಕರಿಕೆಗೆ ನಾಸಿಯಾ ಅನ್ನುತ್ತಾರಲ್ಲ, ಅದು ಹಡಗು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ನಮ್ಮ ‘ನೌಕೆ’ಯಲ್ಲಿರುವ ‘ನೌ’ ಕೂಡ ಅದೇ ಬಳಗದ್ದು. ಸಮುದ್ರದ ಮೇಲೆಯೇ ಬಾಳಿದ ಆ ಗ್ರೀಕರು ಹೊಟ್ಟೆ ತೊಳಸುವುದಕ್ಕೆ ಹಡಗಿನ ಹೆಸರನ್ನೇ ಇಟ್ಟುಕೊಂಡರು. ಅವರಿಗಿಲ್ಲದ ನಾಚಿಕೆ ಮೊರಬದವರಿಗೆ ಯಾಕೆ?

ಈಗ ನನ್ನ ಕಥೆ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದೆವು, ನಾನೂ ನನ್ನ ಒಬ್ಬ ಗೆಳೆಯನೂ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಗೆಳೆಯ ಕಿಟಕಿಯಿಂದ ಹೊರಗೆ ತಲೆ ಹಾಕಿದ. ಅಂಕೋಲಾ ಮುಟ್ಟುವತನಕ ಒಳಗೆ ತೆಗೆಯಲಿಲ್ಲ. ನಾನು ಇಂದು ನೀವು ನಕ್ಕಂತೆಯೇ ಅಂದು ನಕ್ಕಿದ್ದೆ. ‘ಘಟ್ಟದಾಗs ಹಿಂಗ, ಇನ್ನ ಸಮುದ್ರದಾಗ ಏನ್ ಮಾಡ್ತಿಯೋ’ ಅಂತ ಚಾಷ್ಟಿ ಮಾಡಿದ್ದೆ. ಬೋಟು ಹತ್ತಿದ ಮೂರನೇ ದಿನ ಅವನು ಮೀನು ಆರಿಸುತ್ತ ಹಾಡು ಗುನುಗುತ್ತಿದ್ದ. ನಾನು ಮಂಜುಗಡ್ಡೆ ತುಂಬುವ ಕೋಣೆಯ ಮುಚ್ಚಳದ ಮೇಲೆ ಬೋರಲು ಬಿದ್ದಿದ್ದೆ. ಬಸ್ಸಿನಲ್ಲಿ ವಾಂತಿ ಮಾಡುವವರಿಗೆ ಸಮುದ್ರದಲ್ಲೂ ಆಗುವ ಸಂಭವ ಹೆಚ್ಚು ಎನ್ನುವುದೇನೋ ನಿಜ. ಆದರೆ ಘಟ್ಟದಲ್ಲಿ ಪಾಸಾದವನು ಬೋಟಿನಲ್ಲೂ ಪಾಸಾಗುತ್ತಾನೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳಿಗೆ ಬಂದಿ. ಬಂದಿ ತೆರವಾದ ಮೇಲೆ ಎಲ್ಲರಿಗೂ ಅವಸರ. ಸಮುದ್ರಕ್ಕೆ ಮಾತ್ರ ಅವಸರವಿಲ್ಲ, ಆಗಸ್ಟಿನಲ್ಲಿ ಅದು ಇನ್ನೂ ಮಳೆಗಾಲದ ಸಿಟ್ಟಿನಲ್ಲೇ ಇರುತ್ತದೆ. ನಮ್ಮ ಭಾಗದ ಹುಡುಗರು ಮೊದಲ ಸಲ ಬೋಟು ಹತ್ತುವುದು ಸರಿಯಾಗಿ ಅದೇ ಹೊತ್ತಿಗೆ. ನಮ್ಮ ಬೋಟು ಹೊರಟಾಗ ಬೆಳಗಿನ ಜಾವ, ಪೂರಾ ಕತ್ತಲು. ಹೊಟ್ಟೆ ಹಸಿದಿತ್ತು. ಅವ್ವ ಕಟ್ಟಿಕೊಟ್ಟ ಪಂಚಮಿ ಗಂಟು ಬಿಚ್ಚಿದೆ. ಶೇಂಗಾ ಉಂಡಿ ಮೂರು, ಎಳ್ಳುಂಡಿ ಎರಡು, ಮೇಲೆ ಒಂದು ಮುಟಗಿ ಅಳ್ಳಿಟ್ಟು. ಅಳಿವೆ ದಾಟುವ ತನಕ ಜಗತ್ತಿನಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಅಳಿವೆ ದಾಟಿದ ಮೇಲೆ ಮೊದಲು ಬಂದದ್ದು ಆಕಳಿಕೆ. ನಿದ್ದೆ ಇರಬೇಕು ಅಂದುಕೊಂಡೆ. ಇದನ್ನು ನೆನಪಿಡಿ, ಕಡಲಬೇನೆ ಹೆಚ್ಚಾಗಿ ಆಕಳಿಕೆಯ ವೇಷದಲ್ಲೇ ಬರುತ್ತದೆ. ಆಮೇಲೆ ಬಾಯಲ್ಲಿ ನೀರು ಊರತೊಡಗುತ್ತದೆ, ಉಗುಳಿದಷ್ಟೂ ಊರುತ್ತದೆ. ಹಣೆಯ ಮೇಲೆ ತಣ್ಣನೆಯ ಬೆವರು. ಮುಖ ಬೂದಿ ಬಡಿದಂತೆ ಬಿಳುಚುತ್ತದೆ. ತಲೆ ಭಾರ, ಯಾರು ಮಾತಾಡಿಸಿದರೂ ಬೇಸರ. ಅಷ್ಟಾದ ಮೇಲೆ ಹೊಟ್ಟೆಯೊಳಗಿನದೆಲ್ಲ ಒಮ್ಮೆಲೇ ಮೇಲೆ. ಉಂಡಿ ಹೋಯಿತು, ಅಳ್ಳಿಟ್ಟು ಹೋಯಿತು, ಹಿಂದಿನ ದಿನದ ಊಟ ಹೋಯಿತು. ಕೊನೆಗೆ ಹಳದಿ ಪಿತ್ತ ಬಂತು. ಮುಗಿಯಿತು ಅಂದುಕೊಂಡಾಗ ಮತ್ತೆ ಬಂತು. ಸತ್ತರೆ ಸಾಕು ಅನ್ನಿಸುತ್ತದೆ. ಸಾಯುವುದಿಲ್ಲ. ಆ ಹೊತ್ತಿಗೆ ಅದೂ ಒಂದು ಬೇಸರವೇ.

ಬೋಟು ನಡೆಸುವ ನಮ್ಮ ತಾಂಡೇಲರು ಕರಾವಳಿಯ ಹಿರಿಯರು. ಬೈಯುತ್ತಾರೆ ಅಂತ ಹೆದರಿ ಕತ್ತಲಲ್ಲಿ ಅಡಗಿ ಕಾರುತ್ತಿದ್ದೆ. ಅವರು ಹಿಂದಿನಿಂದ ಬಂದು ಬೆನ್ನು ಸವರಿ, ‘ಎಂತ ಮಾರಾಯ, ಹೇಳ್ಲಿಕ್ಕೆ ಆಗೂದಿಲ್ವಾ? ಮೂರು ದಿವಸ ಕಾರು. ನಾಲ್ಕನೇ ದಿವಸ ನೀನೇ ಊಟ ಕೇಳ್ತಿ’ ಅಂದರು. ಆಮೇಲೆ ದೂರದಲ್ಲಿ ಮಿಣುಕುತ್ತಿದ್ದ ದೀಪವೊಂದನ್ನು ತೋರಿಸಿ, ‘ಅದು ಕಾಪು ಲೈಟ್‌ಹೌಸು. ಕಾಣುವಷ್ಟು ಹೊತ್ತು ಅದನ್ನೇ ನೋಡು. ಬೆಳಕು ಹರಿದ ಮೇಲೆ ಸಮುದ್ರದ ಕೊನೆ ನೋಡು. ಕೆಳಗೆ ನೋಡ್ಬೇಡ’ ಅಂದರು. 1901ರಲ್ಲಿ ಕಟ್ಟಿದ ಆ ದೀಪಸ್ತಂಭ ಎಷ್ಟು ಹಡಗಿಗೆ ದಾರಿ ತೋರಿಸಿದೆಯೋ. ಆ ರಾತ್ರಿ ನನ್ನ ಹೊಟ್ಟೆಗೂ ತೋರಿಸಿತು. ಪೂರ್ತಿ ಗುಣವಾಗಲಿಲ್ಲ, ಆದರೆ ನೋಡುತ್ತಿದ್ದಷ್ಟು ಹೊತ್ತು ಓಕರಿಕೆ ತಡೆದು ನಿಂತಿತು.

ಯಾಕೆ ಹಾಗಾಯಿತು ಎನ್ನುವುದನ್ನು ಊರಿಗೆ ಬಂದ ಮೇಲೆ ಓದಿ, ಕೇಳಿ ತಿಳಿದುಕೊಂಡೆ. ಗೌಂಡಿಯ ಹತ್ತಿರ ರಸಮಟ್ಟ ಇರುತ್ತದಲ್ಲ, ಗಾಜಿನ ನಳಿಗೆಯೊಳಗೆ ನೀರು, ನಡುವೆ ಗುಳ್ಳೆ? ನಮ್ಮ ಎರಡೂ ಕಿವಿಗಳ ಒಳಭಾಗದಲ್ಲಿ ಅಂಥದೊಂದು ರಸಮಟ್ಟ ಇದೆ. ನೀರು ತುಂಬಿದ ಮೂರು ಬಾಗಿದ ನಳಿಗೆ, ಜೊತೆಗೆ ಸುಣ್ಣದ ಸಣ್ಣ ಹರಳುಗಳು. ತಲೆ ಓರೆಯಾದರೆ, ತಿರುಗಿದರೆ, ಮೇಲೆ ಕೆಳಗೆ ಹೋದರೆ ಅದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಕಣ್ಣು ಇನ್ನೊಂದು ಸುದ್ದಿ ಕಳಿಸುತ್ತದೆ, ಕಾಲು ಮತ್ತೊಂದು. ಹೊಲದಲ್ಲಿ ಮೂರೂ ಸುದ್ದಿ ಒಂದೇ ಇರುತ್ತವೆ. ಬೋಟಿನ ಕೋಣೆಯೊಳಗೆ ಕೂತಾಗ ಕಣ್ಣು ಎದುರಿನ ಗೋಡೆ ನೋಡಿ ‘ಎಲ್ಲ ನಿಂತದ’ ಅನ್ನುತ್ತದೆ, ಕಿವಿ ‘ಇಲ್ಲ, ಏರಾಕತ್ತೇವಿ, ಇಳ್ಯಾಕತ್ತೇವಿ’ ಅನ್ನುತ್ತದೆ. ಸಾಕ್ಷಿಗಳ ಮಾತು ಕೂಡದಿದ್ದರೆ ನ್ಯಾಯಾಧೀಶನಿಗೆ ತಲೆಕೆಡುತ್ತದೆ. ಇಲ್ಲಿ ಶಿಕ್ಷೆ ಹೊಟ್ಟೆಗೆ. ವಿಷ ತಿಂದಾಗಲೂ ಕಣ್ಣು ಕಿವಿಗಳ ಲೆಕ್ಕ ಹೀಗೆಯೇ ತಪ್ಪುತ್ತದೆ. ಅದಕ್ಕೇ ಮೈ ಇದನ್ನೂ ವಿಷವೆಂದು ಬಗೆದು ಹೊರಗೆ ಚೆಲ್ಲುತ್ತದೆ ಎಂದು ಟ್ರೀಸ್ಮನ್ ಎಂಬ ವಿಜ್ಞಾನಿ 1977ರಲ್ಲಿ ಊಹಿಸಿದ. ಅದು ಊಹೆಯೇ ಇರಬಹುದು. ಆದರೆ ಒಳಗಿವಿಗೂ ಈ ಬೇನೆಗೂ ನಂಟಿರುವುದು ಖಾತ್ರಿ. ಆ ರಸಮಟ್ಟ ಪೂರ್ತಿ ಕೆಟ್ಟವರಿಗೆ ಎಂಥ ತೆರೆಯಲ್ಲೂ ಕಡಲಬೇನೆ ಬರುವುದಿಲ್ಲ. ಅಮೆರಿಕದ ವಿಲಿಯಂ ಜೇಮ್ಸ್ 1882ರಲ್ಲೇ ಕಿವುಡರನ್ನು ಕೇಳಿ ಇದನ್ನು ಗುರುತಿಸಿದ್ದ.

ಅಂದರೆ ನಮ್ಮ ಆ ಹುಡುಗನ ವಾಂತಿಯಲ್ಲಿ ಪುಕ್ಕಲುತನ ಎಲ್ಲಿ ಬಂತು? ಅವನ ಕಿವಿ ಗಟ್ಟಿಯಾಗಿತ್ತು, ಅಷ್ಟೆ.

ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಕೂತು ನವಲಗುಂದಕ್ಕೆ ಹೋದರೆ ಎಲುಬೆಲ್ಲ ಸಡಿಲಾಗುತ್ತವೆ, ಆದರೆ ವಾಂತಿ ಬರುವುದಿಲ್ಲ ಯಾಕೆ ಎಂದು ಕೇಳಬಹುದು. ಆ ಕುಲುಕು ಬಲು ಬಿರುಸಿನದು. ಹೊಟ್ಟೆ ಕೆಡಿಸುವುದು ನಿಧಾನದ ಏರಿಳಿತ. ಐದಾರು ಸೆಕೆಂಡಿಗೊಮ್ಮೆ ಏರಿ ಇಳಿಯುವ ಚಲನೆಯೇ ಎಲ್ಲಕ್ಕಿಂತ ಕೆಟ್ಟದ್ದಂತೆ. ಸಮುದ್ರದ ತೆರೆಗೆ ಅದೇ ಲಯ ಸಿಕ್ಕಿದೆ ನೋಡಿ.

ಪಂಚಮಿ ಜೋಕಾಲಿಯ ಒಂದು ವಿಷಯ ನಿಮಗೇ ಗೊತ್ತಿದೆ. ನಿಂತು ಜೀಕುವವನಿಗೆ ತಲೆ ತಿರುಗುವುದು ಕಡಿಮೆ. ಅವನ ಕಾಲಸಂದಿಯಲ್ಲಿ ಕಣ್ಣು ಮುಚ್ಚಿ ಕೂತ ಹುಡುಗನೇ ‘ಸಾಕೋ, ಇಳಿಸೋ’ ಅಂತ ಚೀರುತ್ತಾನೆ. ಜೀಕುವವನಿಗೆ ಮುಂದಿನ ಏರು ಯಾವಾಗ, ಇಳಿವು ಯಾವಾಗ ಎಂದು ಮೈಗೆ ಮೊದಲೇ ತಿಳಿದಿರುತ್ತದೆ. ಬಸ್ಸಿನ ಡ್ರೈವರ್ ವಾಂತಿ ಮಾಡಿದ್ದನ್ನು ಯಾರಾದರೂ ಕಂಡಿದ್ದೀರಾ? ಬೋಟಿನಲ್ಲೂ ಅಷ್ಟೆ. ಒಳಗೆ ಹೋಗಿ ಮುದುಡಿ ಮಲಗುವ ಬದಲು ಹೊರಗೆ ನಿಂತು, ಬರುವ ತೆರೆಯನ್ನು ನೋಡಿ, ಅದು ಎತ್ತುವ ಮೊದಲೇ ಮೊಣಕಾಲು ಸಡಿಲ ಬಿಟ್ಟು, ಅದರ ಜೊತೆ ತೂಗಿದರೆ ಅರ್ಧ ಬೇನೆ ಇಳಿಯುತ್ತದೆ. ಕೈಗೆ ಒಂದು ಹಗುರ ಕೆಲಸ ಇದ್ದರೆ ಇನ್ನೂ ಒಳ್ಳೆಯದು. ಆದರೆ ತಲೆ ತಗ್ಗಿಸಿ ಬಲೆಯ ಕಣ್ಣು ಹೆಣೆಯುವ ಕೆಲಸ ಮೊದಲ ದಿನ ಬೇಡ. ಮೊಬೈಲ್ ನೋಡುವುದಂತೂ ಬೇಡವೇ ಬೇಡ. ದಂಡೆಯಿಂದ ದೂರ ಹೋದ ಮೇಲೆ ಸಿಗ್ನಲ್ ಸಿಗುವುದಿಲ್ಲ. ದೇವರು ಕೆಲವೊಮ್ಮೆ ಹೀಗೂ ಸಹಾಯ ಮಾಡುತ್ತಾನೆ.

ಸಮುದ್ರದ ಕೊನೆ ನೋಡು ಅಂದರಲ್ಲ ತಾಂಡೇಲರು, ಇದೊಂದು ವಿದ್ಯೆಯನ್ನು ಮೊರಬದವರಿಗೆ ಯಾರೂ ಕಲಿಸಬೇಕಿಲ್ಲ. ಕರಾವಳಿಯ ಹುಡುಗರಿಗೆ ಬೆನ್ನ ಹಿಂದೆ ಗುಡ್ಡ, ಮುಂದೆ ತೆಂಗು. ನಮ್ಮ ಎರಿಹೊಲದಲ್ಲಿ ನಿಂತರೆ ಕಣ್ಣಿಗೆ ಅಡ್ಡ ಬರುವುದು ಒಂದು ಜಾಲಿ ಮರ ಇದ್ದರೆ ಇತ್ತು. ಮುಗಿಲು ನೆಲಕ್ಕೆ ಮುಟ್ಟುವ ಗೆರೆಯನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ, ಮೃಗಶಿರ ಮಳೆಗೆ, ರೋಹಿಣಿ ಮಳೆಗೆ. ಆ ಕಣ್ಣನ್ನೇ ಬೋಟಿಗೆ ಒಯ್ಯಿರಿ.

ಕೂರುವ ಜಾಗದ್ದೂ ಒಂದು ಲೆಕ್ಕವಿದೆ. ಏತದ ಮರ ನೆನಪಿದ್ದವರು ನೆನೆಯಿರಿ, ತುದಿಗಳು ಆಳೆತ್ತರ ಏರಿಳಿಯುತ್ತವೆ, ನಡುವಿನ ಗೂಟದ ಹತ್ತಿರ ಅಲುಗಾಟವೇ ಇಲ್ಲ. ಬೋಟಿನ ಮೂತಿಯಲ್ಲಿ ಕೂರುವುದು ಫೋಟೋಕ್ಕೆ ಚೆಂದ, ಹೊಟ್ಟೆಗೆ ಅಲ್ಲ. ನಡುಭಾಗದಲ್ಲಿ, ಗಾಳಿ ಬರುವ ಕಡೆ, ಎಂಜಿನ್ನಿನ ಡೀಸೆಲ್ ಹೊಗೆ ತಾಗದಲ್ಲಿ ಇರಿ. ನಿಲ್ಲಲೂ ಆಗದಿದ್ದರೆ ಅಂಗಾತ ಮಲಗಿ, ತಲೆ ಅಲುಗದಂತೆ ಇಟ್ಟು ಕಣ್ಣು ಮುಚ್ಚಿ. ಕಣ್ಣು ಸುಳ್ಳು ಸಾಕ್ಷಿ ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು.

ಕಾರುವಾಗ ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ. ಕಣದಲ್ಲಿ ರಾಶಿ ತೂರುವಾಗ ನೋಡುವುದಿಲ್ಲವೇ? ಬೆನ್ನಿಗೆ ಗಾಳಿ ಇರಬೇಕು. ನಾನು ಮೊದಲ ಸಲ ಗಾಳಿಗೆ ಎದುರಾಗಿ ನಿಂತಿದ್ದೆ. ಒಕ್ಕಲಿಗನ ಮಗನಾಗಿ ಅಷ್ಟು ತಿಳಿಯಲಿಲ್ಲವೇ ಎಂದು ಇಂದಿಗೂ ನಾಚಿಕೆಯಾಗುತ್ತದೆ. ನಾಚಿಕೊಳ್ಳುವುದೇ ಇದ್ದರೆ ಅದಕ್ಕೆ ನಾಚಿಕೊಳ್ಳಬೇಕು.

ಊಟದ ವಿಷಯ. ಅವ್ವಂದಿರಿಗೆ ಹೇಳಿ, ಉಂಡಿಯ ಡಬ್ಬಿ ಬೇಡ, ಅಥವಾ ನಾಲ್ಕನೇ ದಿನ ತೆರೆಯಲಿಕ್ಕೆ ಇರಲಿ. ಎಣ್ಣೆ, ಬೆಲ್ಲ, ಶೇಂಗಾ ಮೊದಲ ದಿನದ ಹೊಟ್ಟೆಗೆ ಭಾರ. ಕಟಕ ರೊಟ್ಟಿ ಒಯ್ಯಿರಿ. ಹಳೇ ಕಾಲದ ಹಡಗಿನವರು ತಿಂಗಳುಗಟ್ಟಲೆ ಒಣ ಬಿಸ್ಕತ್ತಿನ ಮೇಲೆ ಬದುಕುತ್ತಿದ್ದರಲ್ಲ, ನಮ್ಮ ಕಟಕ ರೊಟ್ಟಿ ಅದರ ಅಕ್ಕನೇ ಸರಿ. ಒಣಗಿದ್ದು, ಎಣ್ಣೆ ಇಲ್ಲದ್ದು, ವಾಸನೆ ಇಲ್ಲದ್ದು, ಕೆಡದ್ದು. ಹೊಟ್ಟೆ ಪೂರ್ತಿ ಖಾಲಿ ಬಿಟ್ಟರೆ ಓಕರಿಕೆ ಹೆಚ್ಚು. ಗಂಟೆಗೊಂದು ಚೂರು ಕಡಿಯುತ್ತಿರಿ, ಚುರುಮುರಿಯೂ ಆದೀತು. ಬೋಟಿನಲ್ಲಿ ಕುಚಲಕ್ಕಿ ಗಂಜಿ ಕೊಡುತ್ತಾರೆ. ಬಿಳಿಜೋಳ ಉಂಡವರಿಗೆ ಆ ಕೆಂಪಕ್ಕಿ ಮೊದಲು ರುಚಿಸುವುದಿಲ್ಲ. ಉಪ್ಪು ಹಾಕಿ, ಉಪ್ಪಿನಕಾಯಿ ನೆಕ್ಕಿ ಕುಡಿಯಿರಿ. ಆ ಮೂರು ದಿನಗಳಲ್ಲಿ ನನ್ನ ಹೊಟ್ಟೆಯಲ್ಲಿ ನಿಂತದ್ದು ಅದೊಂದೇ.

ಹಸಿಶುಂಠಿ ಅಗಿಯಿರಿ. ಇದು ಬರೀ ಅಜ್ಜಿಯ ಮಾತಲ್ಲ. 1988ರಲ್ಲಿ ಡೆನ್ಮಾರ್ಕಿನ ನೌಕಾದಳದ 80 ತರಬೇತಿ ಹುಡುಗರ ಮೇಲೆ ನಡುಸಮುದ್ರದಲ್ಲಿ ಪರೀಕ್ಷೆ ಮಾಡಿದಾಗ, ಶುಂಠಿ ಪುಡಿ ತಿಂದವರಿಗೆ ವಾಂತಿಯೂ ತಣ್ಣನೆ ಬೆವರೂ ಕಡಿಮೆಯಾಗಿದ್ದವು. ನಿಂಬೆಹಣ್ಣು ಮೂಸುವುದು, ಮಣಿಕಟ್ಟಿನ ಒಳಗೆ ಮೂರು ಬೆರಳು ಕೆಳಗೆ ಒತ್ತಿ ಹಿಡಿಯುವುದು, ಹೊಟ್ಟೆಗೆ ಟವೆಲ್ ಬಿಗಿಯುವುದು ಇವುಗಳನ್ನೂ ಹೇಳುತ್ತಾರೆ. ನನಗೆ ನಿಂಬೆಹಣ್ಣಿನಿಂದ ಆದ ದೊಡ್ಡ ಉಪಯೋಗವೆಂದರೆ ಮೀನಿನ ವಾಸನೆ ಮರೆತದ್ದು. ಖರ್ಚಿಲ್ಲ, ಕೇಡಿಲ್ಲ, ಮಾಡಿ ನೋಡಿ.

ನೀರು ಬಿಡಬೇಡಿ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅನ್ನುತ್ತಾರೆ. ಬೋಟಿನಲ್ಲಿ ಬಡತನ ಕುಡಿಯುವ ನೀರಿಗೆ. ಕೆರೆಯ ನೀರನ್ನು ಕೊಡದಲ್ಲಿ ಅಳೆದು ಬಳಸಿದ ಊರಿನವರು ನಾವು, ನೀರು ಉಳಿಸುವುದು ಗೊತ್ತು. ಆದರೆ ವಾಂತಿಯಾದಾಗ ಉಳಿಸಬೇಡಿ. ವಾಂತಿಯಿಂದ ಯಾರೂ ಸಾಯುವುದಿಲ್ಲ, ಮೈಯ ನೀರು ಆರಿದರೆ ಅಪಾಯ. ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ, ಗುಟುಕು ಗುಟುಕಾಗಿ ಕುಡಿಯಿರಿ. ಗಟಗಟ ಕುಡಿದರೆ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ. ದವಾಖಾನೆಯ ಓಆರ್‌ಎಸ್ ಪೊಟ್ಟಣ ಹತ್ತು ಇಟ್ಟುಕೊಂಡರೆ ಇನ್ನೂ ಸುಲಭ.

ಗುಳಿಗೆ ಇದೆಯೇ ಅಂದರೆ ಇದೆ. ಅದರ ಹುಟ್ಟೂ ಒಂದು ತಮಾಷೆ. 1947ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೈಮೇಲಿನ ಗಂಧೆಗೆಂದು ಒಬ್ಬ ಬಸುರಿ ಹೆಂಗಸಿಗೆ ಹೊಸ ಗುಳಿಗೆ ಕೊಟ್ಟರು. ಟ್ರಾಮಿನಲ್ಲಿ ಬರುವಾಗ ಪ್ರತಿ ಸಲ ಆಗುತ್ತಿದ್ದ ಓಕರಿಕೆ ಅದನ್ನು ನುಂಗಿದ ದಿನ ಆಗುವುದಿಲ್ಲ ಎಂದು ಆಕೆ ಹೇಳಿದಳು. ಡಾಕ್ಟರರು ಅದನ್ನು ಅಟ್ಲಾಂಟಿಕ್ ದಾಟುವ ಸೈನಿಕರ ಹಡಗಿನಲ್ಲಿ ಪರೀಕ್ಷಿಸಿದರು. ಡ್ರಾಮಮಿನ್ ಎಂಬ ಔಷಧ ಹಾಗೆ ಹೆಸರಾಯಿತು. ನಮ್ಮ ಕಡೆ ಔಷಧದಂಗಡಿಯಲ್ಲಿ ಸಿಗುವುದು ಪ್ರೊಮೆಥಜಿನ್ ಇರುವ ಅವೋಮಿನ್, ಸಿನ್ನರಿಜಿನ್ ಇರುವ ಸ್ಟುಜೆರಾನ್. ಯಾವುದು, ಎಷ್ಟು ಎಂಬುದನ್ನು ನವಲಗುಂದದ ದವಾಖಾನೆಯಲ್ಲಿ ಕೇಳಿ ಬರೆಸಿಕೊಳ್ಳಿ. ಬೇರೆ ಜಡ್ಡಿಗೆ ಗುಳಿಗೆ ನುಂಗುವವರು ಅದನ್ನೂ ಹೇಳಿ.

ಗುಳಿಗೆಯ ಬಗ್ಗೆ ಜನ ಮಾಡುವ ತಪ್ಪು ಎರಡು. ವಾಂತಿ ಶುರುವಾದ ಮೇಲೆ ನುಂಗುತ್ತಾರೆ. ಆಗ ಗುಳಿಗೆಯೂ ಸಮುದ್ರದ ಪಾಲು. ಬೋಟು ಬಿಡುವ ಒಂದೆರಡು ತಾಸು ಮೊದಲೇ ಹೊಟ್ಟೆಯಲ್ಲಿರಬೇಕು. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಈ ಗುಳಿಗೆ ನಿದ್ದೆ ತರುತ್ತದೆ. ಹಗ್ಗ ಸುತ್ತುವ ಯಂತ್ರದ ಹತ್ತಿರ ತೂಕಡಿಸಿದರೆ ಕೈ ಹೋದೀತು. ಹೊರಡುವ ವಾರ ಮೊದಲು ಒಂದು ರಾತ್ರಿ ಮನೆಯಲ್ಲೇ ನುಂಗಿ, ಎಷ್ಟು ಮಂಪರು ಬರುತ್ತದೆ ನೋಡಿಕೊಳ್ಳಿ. ನುಂಗಿದ ದಿನ ತಾಂಡೇಲರಿಗೆ ಹೇಳಿ. ಅದರ ಮೇಲೆ ಶೆರೆ ಕುಡಿಯಬೇಡಿ. ‘ಒಂದು ಪೆಗ್ ಹಾಕು, ಎಲ್ಲಾ ಕೂಡತದ’ ಅನ್ನುವವನು ಪ್ರತಿ ಬೋಟಿನಲ್ಲೂ ಒಬ್ಬ ಇರುತ್ತಾನೆ. ಶೆರೆ ಅದೇ ಒಳಗಿವಿಯನ್ನೇ ಇನ್ನಷ್ಟು ಕೆಡಿಸುತ್ತದೆ. ಇನ್ನೊಂದು ಮಾತು. ದತ್ತೂರಿಯಲ್ಲಿರುವ ಸ್ಕೋಪೊಲಮಿನ್ ಎಂಬ ಅಂಶದಿಂದ ಪರದೇಶದಲ್ಲಿ ಕಿವಿಯ ಹಿಂದೆ ಅಂಟಿಸುವ ಔಷಧದ ಪಟ್ಟಿ ಮಾಡುತ್ತಾರೆ. ಇದನ್ನು ಕೇಳಿ ಯಾವನಾದರೂ ಬದುವಿನ ದತ್ತೂರಿ ಬೀಜ ಬಾಯಿಗೆ ಹಾಕಿದರೆ ಮಲ್ಪೆಯ ಬದಲು ಸ್ಮಶಾನ ಕಾಣುತ್ತಾನೆ.

ಇಷ್ಟು ಹೇಳಿ, ಪತ್ರ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ.

ಎರಡನೇ ರಾತ್ರಿ. ಹಗಲೆಲ್ಲ ಕಾರಿದ್ದೆ. ಮತ್ತೆ ಬಂತು. ಮಲಗಿದವರ ಮುಂದೆ ಕಾರಲು ನಾಚಿಕೆ. ಅಂದು ಬೆಳಿಗ್ಗೆ ಯಾರೋ ಒಬ್ಬ, ‘ಹುಬ್ಬಳ್ಳಿ ಪಾರ್ಟಿ ಇವತ್ತೂ ಔಟಾ?’ ಅಂತ ಕಿಸಕ್ಕೆಂದಿದ್ದ. ಯಾರಿಗೂ ಹೇಳದೆ, ಚಪ್ಪಲಿ ಸಪ್ಪಳವಾಗದಂತೆ ಬೋಟಿನ ಹಿಂಬದಿಗೆ ಹೋದೆ. ಅಲ್ಲಿ ಕಟಾಂಜನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಬಗ್ಗಿದೆ. ಲೈಫ್ ಜಾಕೆಟ್ ಹಾಕಿರಲಿಲ್ಲ. ಅದೇ ಹೊತ್ತಿಗೆ ತೆರೆಯೊಂದು ಬೋಟಿನ ಹಿಂಬದಿಯನ್ನು ಎತ್ತಿ ಒಗೆಯಿತು. ಕಾಲು ನೆಲ ಬಿಟ್ಟದ್ದು ನೆನಪಿದೆ. ಎದುರಿಗೆ ಕರ್ರಗೆ ನೀರು ಬಂದದ್ದು ನೆನಪಿದೆ. ಮೂತ್ರಕ್ಕೆ ಎದ್ದಿದ್ದ ಒಡಿಶಾದ ಹುಡುಗನೊಬ್ಬ ಹಿಂದಿನಿಂದ ನನ್ನ ಚಡ್ಡಿ ಹಿಡಿದು ಎಳೆದ. ಇಬ್ಬರೂ ಮೀನಿನ ಬುಟ್ಟಿಯ ಮೇಲೆ ಬಿದ್ದೆವು. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಅವನು ಬೈದದ್ದು ಪೂರ್ತಿ ಅರ್ಥವಾಯಿತು.

ಅವನು ಎದ್ದಿರದಿದ್ದರೆ ಬೆಳಗಿನವರೆಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಡಲಬೇನೆ ನನ್ನನ್ನು ಅಲ್ಲಿಗೆ ಒಯ್ಯಲಿಲ್ಲ. ಒಯ್ದದ್ದು ಯಾರೋ ನಕ್ಕಾರು ಎಂಬ ಅಂಜಿಕೆ. ನೀವು ಚಹಾದಂಗಡಿಯಲ್ಲಿ ನಕ್ಕಾಗ ನನಗೆ ಕಂಡದ್ದು ಆ ಕರ್ರನೆಯ ನೀರೇ. ಇಂದು ಇಲ್ಲಿ ನಕ್ಕವನು ನಾಳೆ ಅಲ್ಲಿ ಅಡಗುತ್ತಾನೆ. ‘ನಾನs ನಕ್ಕಿದ್ದೆನಲ್ಲ, ಈಗ ಹೆಂಗ ಹೇಳ್ಲಿ’ ಅಂತ ಕತ್ತಲಲ್ಲಿ ಒಬ್ಬನೇ ಹಿಂಬದಿಗೆ ಹೋಗುತ್ತಾನೆ.

ಸಮುದ್ರಕ್ಕೆ ಹೆದರುವುದು ಬೇರೆ. ಹೆದರಲೇಬೇಕು. 2018ರ ಡಿಸೆಂಬರ್ 13ರ ರಾತ್ರಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಮರಳಲಿಲ್ಲ. ಏಳು ಮಂದಿ ಇದ್ದರು, ಎಲ್ಲರೂ ಕರಾವಳಿಯವರೇ, ನೀರಿನಲ್ಲೇ ಬೆಳೆದವರು. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲವಣದ ಹತ್ತಿರ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ನಾನು ಅಷ್ಟರಲ್ಲಿ ಊರಿಗೆ ಬಂದಿದ್ದೆ. ಸುದ್ದಿ ಓದಿದ ದಿನ ಹೊಲಕ್ಕೆ ಹೋಗಲಾಗಲಿಲ್ಲ. ಅದಕ್ಕೇ ಹೇಳುತ್ತೇನೆ, ಜಾಕೆಟ್ ಹಾಕಿಕೊಳ್ಳಿ, ಸೆಕೆಯಾದರೂ ಹಾಕಿಕೊಳ್ಳಿ. ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093, ಈ ಎರಡು ನಂಬರ್ ಬಾಯಿಪಾಠ ಮಾಡಿ. ರಾತ್ರಿ ಕಾರಬೇಕಾದರೆ ಪಕ್ಕದವನನ್ನು ಎಬ್ಬಿಸಿ. ಒಬ್ಬ ಕಾರಲಿ, ಇನ್ನೊಬ್ಬ ಅವನ ಸೊಂಟ ಹಿಡಿಯಲಿ. ನಿಮ್ಮ ಏಳೆಂಟು ಮಂದಿಯಲ್ಲಿ ಈ ಜೋಡಿ ಇಲ್ಲೇ ಗೊತ್ತು ಮಾಡಿಕೊಂಡು ಹೋಗಿ.

ತಾಂಡೇಲರು ಹೇಳಿದ್ದು ಸುಳ್ಳಾಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎದ್ದಾಗ ಹೊಟ್ಟೆ ತಣ್ಣಗಿತ್ತು. ಬಂಗುಡೆ ಸಾರಿನ ವಾಸನೆಗೆ ಹಸಿವಾಯಿತು. ಮಿದುಳು ಹೊಸ ಲೆಕ್ಕ ಕಲಿತಿತ್ತು. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಹೀಗೆ ಆಗುತ್ತದೆ. ತಮಾಷೆಯೆಂದರೆ ಊರಿಗೆ ಬಂದಾಗ ಆ ಲೆಕ್ಕ ತಿರುವುಮುರುವಾಯಿತು. ಪಡಸಾಲೆಯಲ್ಲಿ ಜಮಖಾನದ ಮೇಲೆ ಮಲಗಿದರೆ ಮನೆ ತೂಗುತ್ತಿತ್ತು, ಜಂತಿ ಏರಿ ಇಳಿಯುತ್ತಿತ್ತು. ಎರಡು ದಿನ ಗೋಡೆ ಹಿಡಿದು ನಡೆದೆ. ಅವ್ವ ಬಾಯಿ ಮೂಸಿ ನೋಡಿದಳು. ಮನೆಯವರಿಗೆ ಇದನ್ನು ಮೊದಲೇ ಹೇಳಿ ಹೋಗಿ, ಇಲ್ಲದಿದ್ದರೆ ಮದುವೆಯ ಮಾತು ಮುರಿದೀತು.

ಆದರೆ ಕೆಲವರ ಮೈ ಆ ಲೆಕ್ಕ ಕಲಿಯುವುದೇ ಇಲ್ಲ. ಡಾರ್ವಿನ್ ಎಂಬ ವಿಜ್ಞಾನಿ 1831ರ ಡಿಸೆಂಬರಿನಲ್ಲಿ ಬೀಗಲ್ ಹಡಗು ಹತ್ತಿ 1836ರ ಅಕ್ಟೋಬರಿನಲ್ಲಿ ಇಳಿದ. ಅಷ್ಟು ವರ್ಷವೂ ಕಡಲಬೇನೆ ಅವನನ್ನು ಬಿಡಲಿಲ್ಲ. ಹೊರಟ ಹೊಸತರಲ್ಲಿ ಅವನ ಹೊಟ್ಟೆಯಲ್ಲಿ ನಿಂತದ್ದು ಬಿಸ್ಕತ್ತು, ಒಣದ್ರಾಕ್ಷಿ ಮಾತ್ರ. ನೆಲ್ಸನ್ 12ನೇ ವಯಸ್ಸಿಗೆ ಬ್ರಿಟಿಷ್ ನೌಕಾದಳ ಸೇರಿದ, 1805ರಲ್ಲಿ ಟ್ರಫಾಲ್ಗರ್ ಯುದ್ಧದಲ್ಲಿ ಸತ್ತ. ಅಷ್ಟು ದೊಡ್ಡ ನೌಕಾ ಸೇನಾಪತಿಗೂ ಬಿರುಗಾಳಿ ಎದ್ದರೆ ಹೊಟ್ಟೆ ತೊಳಸುತ್ತಿತ್ತು. ಅವರನ್ನು ಪುಕ್ಕಲರು ಅನ್ನುತ್ತೀರೇನು?

ನಮ್ಮ ಊರಿನ ಹುಡುಗ ಅಂಥ ಮೈಯವನು. ಅವನನ್ನು ನಿನ್ನೆ ಕರೆದು ಕೂರಿಸಿ ಕೇಳಿದೆ. ಒಂಬತ್ತು ದಿನದ ಟ್ರಿಪ್ಪು. ಒಂಬತ್ತೂ ದಿನ ಕಾರಿದ್ದಾನೆ, ಕಾರುತ್ತಲೇ ಮೀನು ಆರಿಸಿದ್ದಾನೆ, ಐಸ್ ಹೊತ್ತಿದ್ದಾನೆ. ನನ್ನ ಹಾಗೆ ಅಡಗಲಿಲ್ಲ, ಮೊದಲ ದಿನವೇ ತಾಂಡೇಲರಿಗೆ ಹೇಳಿದ್ದಾನೆ. ಮೂತ್ರ ಕಟ್ಟಿದಾಗ ಅದನ್ನೂ ಹೇಳಿದ್ದಾನೆ. ದಂಡೆಗೆ ಬಂದ ಮೇಲೆ ತನ್ನ ಪಗಾರ ಎಣಿಸಿಕೊಂಡು, ಇದು ನನಗಾಗದು ಎಂದು ನೆಟ್ಟಗೆ ಹೇಳಿ ಬಸ್ಸು ಹತ್ತಿದ್ದಾನೆ. ಇದರಲ್ಲಿ ಓಡಿ ಬಂದದ್ದು ಎಲ್ಲಿ? ನಾನು ಎರಡು ಸೀಸನ್ ಮಾಡಿದವನು. ಆ ಒಂಬತ್ತು ದಿನ ನನ್ನಿಂದ ಆಗುತ್ತಿರಲಿಲ್ಲ.

ಜುಲೈ 30ರ ಸಂಜೆ ಏಳು ಗಂಟೆಗೆ ನಮ್ಮ ಮನೆಯ ಕಟ್ಟೆಗೆ ಎಲ್ಲರೂ ಬನ್ನಿ. ಗುಳಿಗೆಯ ಹೆಸರು ಬರೆದುಕೊಡುತ್ತೇನೆ, ದವಾಖಾನೆಯಲ್ಲಿ ಏನೇನು ಕೇಳಬೇಕೆಂದು ಹೇಳುತ್ತೇನೆ, ನನ್ನ ಹಳೇ ಜಾಕೆಟ್ ಒಂದಿದೆ, ಹೇಗೆ ಬಿಗಿಯಬೇಕೆಂದು ತೋರಿಸುತ್ತೇನೆ. ಚಹಾ ನನ್ನದು. ಅವನನ್ನೂ ಕರೆದಿದ್ದೇನೆ, ನನಗಿಂತ ಹೆಚ್ಚು ಅವನಿಗೆ ಗೊತ್ತು. ಬರುತ್ತೇನೆ ಅಂದಿದ್ದಾನೆ. ಒಂದೇ ಮಾತು ಹಾಕಿದ್ದಾನೆ: ಯಾರಾದರೂ ನಕ್ಕರೆ ಎದ್ದು ಹೋಗುತ್ತಾನಂತೆ.

ಇಂತಿ,
ಎರಡು ಸೀಸನ್ ಬೋಟು ಕಂಡ ನಿಮ್ಮೂರ ಅಣ್ಣ